ಹತ್ತು ನಿಮಿಷದ ಮಡಿಲು

ವೈರಾಣುದರ್ಶಕದ ನೀಲಿ ಬೆಳಕು ಗೂಡಿನ ನೆಲದ ಮೇಲೆ ಸರಿದಂತೆ ಕೆಂಪು ಚುಕ್ಕೆಗಳು ಎದ್ದು ಕಂಡವು. ನೀಲವ್ವ ಬಕೆಟ್ ಕೆಳಗಿಟ್ಟು ಬಗ್ಗಿ ನೋಡಿದಳು. ಹುಬ್ಬಳ್ಳಿಯ ನಾಯಿಗಳ ಆಶ್ರಯಧಾಮದಲ್ಲಿ ಹನ್ನೆರಡು ವರ್ಷದಿಂದ ಗೂಡು ತೊಳೆಯುತ್ತಿದ್ದವಳು ಅವಳು. ಈ ಗೂಡಿಗೆ ಇದು ಎರಡನೆಯ ಕೆಂಪು. ನಾಳೆ ಮೂರನೆಯದೂ ಬಂದರೆ, ರೋಗ ಬೇರೆ ಗೂಡುಗಳಿಗೆ ಹಬ್ಬದಂತೆ, ಒಳಗಿನ ಮೂರು ಮರಿಗಳಿಗೆ ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸಬೇಕೆಂಬುದು ಅಲ್ಲಿನ ನಿಯಮ.

ಕಣ್ಣಿಗೆ ಕಾಣದ ಪಾರ್ವೊ ವೈರಾಣುವನ್ನು, ಅದೂ ಜೀವಂತವಿದ್ದರೆ ಮಾತ್ರ, ಕೆಂಪಾಗಿ ತೋರಿಸುವ ಯಂತ್ರವದು. ಮರಿಗಳ ಕರುಳು ಹಿಂಡುವ ಈ ವೈರಾಣು ಮಾಮೂಲಿ ಫಿನೈಲಿಗೆ ಜಗ್ಗದು, ಬ್ಲೀಚ್ ನೀರಿಗೆ ಸಾಯುತ್ತದೆ. ಇಲ್ಲಿ ಮಾತ್ರ ಯಾಕೆ ಸಾಯುತ್ತಿಲ್ಲವೆಂದು ಯಂತ್ರ ರೂಪಿಸಿದ ಡಾ. ಸುಮಿತ್ರಾ ಹೆಬ್ಬಳ್ಳಿಯವರಿಗೆ ತಲೆಬಿಸಿ.

"ಬ್ಲೀಚ್ ಹಾಕೀರೇನು, ನೀಲವ್ವ?"

"ಹಾಕೇನ್ರೀ ಡಾಕ್ಟರಮ್ಮಾರ. ಮೊದ್ಲ ಹೊಲಸ ಬಳದು, ಸೋಪಿನ ನೀರಾಗ ತಿಕ್ಕಿ ತೊಳದೇನಿ. ಆಮ್ಯಾಲ ಇವತ್ತ ಕಲಸಿದ ಬ್ಲೀಚ್ ನೀರು, ಅಳತಿ ಪ್ರಕಾರ."

"ಸುರುವಿದ ಮ್ಯಾಲ?"

"ಲಗೂನ ಒರಸಿಬಿಟ್ಟೇನ್ರೀ. ಮರಿ ಹೊರಗ ತಗಡಿನ ಬುಟ್ಟ್ಯಾಗ ಗಡಗಡ ನಡಗತಿದ್ವು. ಕೂಸುಗಳನ್ನ ಎಷ್ಟೊತ್ತ ಹಂಗ ಬಿಡ್ಲಿ?"

ಸುಮಿತ್ರಾ ಹಣೆ ಚಚ್ಚಿಕೊಂಡರು. "ಹತ್ತು ನಿಮಿಷ ನೆಲ ಹಸೀ ಇರಬೇಕು, ನೀಲವ್ವ! ಆಮ್ಯಾಲ ನೀರು ಹಾಕಿ ತೊಳದು, ಒಣಗಿಸಿ ಮರಿ ಬಿಡಬೇಕು." ಕೆಂಪು ತೋರಿಸುವ ಯಂತ್ರ ಕಟ್ಟಿದ ಮಹಾಬುದ್ಧಿವಂತರಿಗೆ ಈ ಒಂದು ಮಾತು ಮೊದಲೇ ಹೇಳಬೇಕೆಂದು ಹೊಳೆದಿರಲಿಲ್ಲ.

"ಅಲ್ಲೀತನಕ ಇವು ಎಲ್ಲಿರಬೇಕ್ರೀ?"

ಮರುದಿನ ನೀಲವ್ವನೇ ದಾರಿ ಹುಡುಕಿದಳು. ಬ್ಲೀಚ್ ಸುರಿದು, ಕೈ ತೊಳೆದು, ಒಗೆದ ಏಪ್ರನ್ ಕಟ್ಟಿ, ಎಳೆಬಿಸಿಲಲ್ಲಿ ಕುಳಿತು ಮೂರನ್ನೂ ಮಡಿಲಿಗೆ ಹಾಕಿಕೊಂಡಳು. ಮನುಷ್ಯರ ಕೈ ಕಂಡರೆ ಮೂಲೆ ಸೇರಿ ಗುರ್ರೆನ್ನುತ್ತಿದ್ದ ಮರಿಗಳು ಮೊದಲು ಒದ್ದಾಡಿದವು. ಎಂಟನೆಯ ನಿಮಿಷಕ್ಕೆ ನಿದ್ದೆ ಹೋದವು.

ತೊಳೆದು ಒಣಗಿದ ನೆಲದ ಮೇಲೆ ನೀಲಿ ಬೆಳಕು ಸರಿಯಿತು. ಒಂದೂ ಚುಕ್ಕೆಯಿಲ್ಲ. "ಯಪ್ಪಾ, ಬದುಕಿದ್ವು" ಎಂದು ನೀಲವ್ವ ಕುಳಿತಲ್ಲೇ ಅತ್ತುಬಿಟ್ಟಳು. ಸುಮಿತ್ರಾ ಕನ್ನಡಕ ತೆಗೆದು ಒರೆಸಿಕೊಂಡರು.

ಅಂದಿನಿಂದ ಗೂಡಿಗೊಂದು ಬೇರೆ ಏಪ್ರನ್, ಪ್ರತಿ ಗೂಡಿನ ಮರಿಗಳಿಗೂ ಹತ್ತು ನಿಮಿಷದ ಮಡಿಲು. ಎರಡು ತಿಂಗಳ ನಂತರ ಯಂತ್ರದೊಡನೆ ಬಂದ ಸುಮಿತ್ರಾ ತಬ್ಬಿಬ್ಬಾದರು. ಮರಿಗಳ ಗೂಡುಗಳೆಲ್ಲ ಖಾಲಿ! ಮಡಿಲಿಗೆ ಒಗ್ಗಿದ ಮರಿಗಳು, ನೋಡಲು ಬಂದವರ ಬೆರಳು ನೆಕ್ಕಿ, ಒಂದೊಂದಾಗಿ ಅವರ ಮನೆ ಸೇರಿದ್ದವು. ಯಾವ ವರದಿಯೂ ಇದನ್ನು ಊಹಿಸಿರಲಿಲ್ಲ.

"ಪರೀಕ್ಷಾ ಮಾಡಾಕ ಒಂದು ಗೂಡಿನಾಗೂ ಮರಿ ಉಳಿಸಿಲ್ಲಲ್ಲ, ನೀಲವ್ವ!"

"ನಂಗೂ ಬ್ಯಾಸರ ಆಗೇತ್ರೀ, ಮಡಿಲು ಖಾಲಿ ಆತು," ಎಂದು ನೀಲವ್ವ ನಕ್ಕಳು. "ಆದ್ರ ಇಂಥಾ ಬ್ಯಾಸರ ದಿನಾ ಬರ್ಲಿ."