ಕರವಸ್ತ್ರದಲ್ಲಿ ಕಟ್ಟಿದ ಊಟ

ಕೋಳಿಗಳೆಲ್ಲ ಅವಳ ಬ್ಯಾಗಿಗೇ ಮುಗಿಬಿದ್ದವು!

ಅವಳು ಹಿಂದೆ ಸರಿದಳು. ಅವು ಬಿಡಲಿಲ್ಲ. ಎಳೆದಾಟದಲ್ಲಿ ಬ್ಯಾಗು ಬಾಯಿಬಿಟ್ಟಿತು. ಕರವಸ್ತ್ರದಲ್ಲಿ ಕಟ್ಟಿದ್ದ ಅನ್ನ, ಬೇಯಿಸಿದ ಕುಂಬಳಕಾಯಿ ಎಲ್ಲ ಅಂಗಳದ ಪಾಲಾಯಿತು.

ತಲೆ ಎತ್ತಿದರೆ... ಎದುರಿಗೆ ತೋಟದವನೇ ನಿಂತಿದ್ದ. ಆಗತಾನೇ ಅದನ್ನು ಬಡಿಸಿದವನೂ ಅವನೇ.

ಅವಳನ್ನು ಎಲ್ಲರೂ ಡಯಟ್ ಮೇಡಂ ಅನ್ನುತ್ತಿದ್ದರು. ಊಟಕ್ಕೆ ಹೆದರಬೇಡಿ, ಸಮಾಧಾನವಾಗಿ ಉಣ್ಣಿ ಎಂದು ಹತ್ತಾರು ಜನಕ್ಕೆ ಬುದ್ಧಿ ಹೇಳುವುದೇ ಅವಳ ಕೆಲಸ. ಅವರಿಗೆ ತರಕಾರಿ ಆರಿಸಲೆಂದು ತೋಟಕ್ಕೆ ಬಂದರೆ ಮಧ್ಯಾಹ್ನ ಇವನು ಕೆಲಸದವರಿಗೆ ತಾನೇ ಅಡುಗೆ ಮಾಡಿ, ಅವಳಿಗೂ ಒಂದು ತಟ್ಟೆ ಇಡುತ್ತಿದ್ದ. ಅವಳು ಮರೆಯಲ್ಲಿ ಕೂತು ಉಂಡಂತೆ ಮಾಡಿ, ಊಟವನ್ನು ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡು, ಕೊಟ್ಟಿಗೆಯ ಹಿಂದೆ ಕೋಳಿಗಳಿಗೆ ಸುರಿಯುತ್ತಿದ್ದಳು. ಪಾಪ, ಕೋಳಿಗಳಿಗೂ ರೂಢಿಯಾಗಿಬಿಟ್ಟಿತ್ತು.

"ರುಚಿ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಮೇಡಂ," ಎಂದು ಅವನು ನಕ್ಕಂತೆ ಮಾಡಿದ. ಕಿವಿ ಕೆಂಪಾಗಿತ್ತು.

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ಬ್ಯಾಗು ಬಾಚಿಕೊಂಡು ಅಲ್ಲಿಂದ ಓಡಿಬಿಟ್ಟಳು.

ಮರುದಿನ ಅವಳ ತಟ್ಟೆ ಇರಲಿಲ್ಲ. ಅವನ ದೊಡ್ಡಮ್ಮ ಅವಳನ್ನು ಪಕ್ಕಕ್ಕೆ ಕರೆದು, ಹುಡುಗ ರಾತ್ರಿಯೆಲ್ಲ ಉಪ್ಪು ಹೆಚ್ಚಾಗಿತ್ತಾ, ಖಾರ ಹೆಚ್ಚಾಗಿತ್ತಾ ಎಂದು ತಲೆ ತಿಂದನೆಂದೂ, ಕುಂಬಳ ಬಳ್ಳಿಯ ಮೊದಲ ಕಾಯಿಯನ್ನು ಅವಳಿಗೆಂದೇ ಕೊಯ್ದಿದ್ದನೆಂದೂ ಹೇಳಿದರು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ಸುಮ್ಮನೆ ಹೊರಟುಹೋದರೆ ಇವನು ಬದುಕಿಡೀ ತನ್ನ ಅಡುಗೆಯನ್ನೇ ಬೈದುಕೊಳ್ಳುತ್ತಾನೆ... ಛೇ, ಎಂಥವಳು ನಾನು!

ಅವನು ಒಲೆಯ ಹತ್ತಿರ ಬೀನ್ಸ್ ಮುರಿಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ಅಡುಗೆ ಚೆನ್ನಾಗಿತ್ತು. ಅದಕ್ಕೇ ಭಯ... ಒಂದು ತುತ್ತು ಇಟ್ರೆ ನಿಲ್ಸೋಕಾಗಲ್ಲ ಅಂತ. ಜನಕ್ಕೆಲ್ಲ ಹೆದರಬೇಡಿ ಅಂತೀನಿ, ನನ್ನ ತಟ್ಟೆ ಮುಂದೆ ನಾನೇ ಕಳ್ಳಿ ಥರ ಕೂತಿರ್ತೀನಿ. ನನಗೆ ನಾಚಿಕೆ ಆಗ್ತಿದೆ."

ಅವನು ಸಮಾಧಾನ ಹೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಎದ್ದು ಅಡುಗೆಯ ಪಾತ್ರೆ, ಸೌಟು, ತಟ್ಟೆ ಅವಳ ಮುಂದಿಟ್ಟ.

"ಎಷ್ಟು ಬೇಕೋ ನೀವೇ ಬಡಿಸ್ಕೊಳ್ಳಿ. ಬೇಡ ಅನ್ನಿಸಿದ್ರೆ ಬಿಡಿ. ನಾನು ನೋಡಲ್ಲ."

ನಿಜವಾಗಿಯೂ ಬೆನ್ನು ತಿರುಗಿಸಿ ಕೂತ. ಬೀನ್ಸ್ ಮುರಿಯುವ ಸದ್ದು ಮತ್ತೆ ಶುರುವಾಯಿತು.

ಮೊದಲ ತುತ್ತನ್ನು ಅಗಿದೇ ಅಗಿದಳು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಅವಳ ಕಣ್ಣು ತುಂಬಿ, ಎದುರಿನ ಬೆನ್ನು ಮಸುಕಾಯಿತು. ಹೊಟ್ಟೆ ತುಂಬಿದಾಗ ಕೈ ತಾನಾಗಿಯೇ ನಿಂತಿತು. ಇಷ್ಟೇನಾ? ಇಷ್ಟಕ್ಕಾ ಇಷ್ಟು ವರ್ಷ ಹೆದರಿದ್ದು?

"ಈಗ ತಿರುಗಿ," ಎಂದಳು. ಅವನು ತಿರುಗಿದ.

"ಇಲ್ಲಿಗೆ ದಿನಾ ಬರ್ತಿದ್ದಿದ್ದು ತರಕಾರಿಗಲ್ಲ..."

ಅವನ ಕೈಯಲ್ಲಿದ್ದ ಬೀನ್ಸ್ ಹಾಗೇ ಉಳಿಯಿತು. "ಮತ್ತೆ?"

"ನೀವೂ ಒಂದು ತಟ್ಟೆ ತಗೊಳ್ಳಿ. ನನ್ನ ಜೊತೆ ಕೂತು ಉಣ್ಣಿ."

"ಇವತ್ತೊಂದು ದಿನಕ್ಕಾ?"

ಅವಳು ತಲೆ ತಗ್ಗಿಸಿದಳು. ನಾಚಿಕೆ ಇನ್ನೂ ಇತ್ತು, ಆದರೆ ಈ ಸಲ ಓಡಿಹೋಗಬೇಕು ಅನ್ನಿಸಲಿಲ್ಲ.

"ದಿನಾ," ಎಂದಳು.