ಗುಬ್ಬಿಯನ್ನು ಕರೆದ ದನಿ

“ಇದರೊಳಗೆ ಮಲಗಿದೋರು ತಾವಾಗಿ ಏಳಬಾರ್ದಮ್ಮ. ಒಡಹುಟ್ಟಿದೋರು ಪಕ್ಕದಲ್ಲಿ ನಿಂತು ಕರೀಬೇಕು. ಇಲ್ಲದಿದ್ರೆ ಒಳಗಿರೋಳು ಎದ್ದು ಹೋಗ್ತಾಳೆ, ಮಲಗಿದೋರು ಉಳ್ಕೋತಾರೆ.”

ಮುಚ್ಚಿಹೋದ ನಾಟಕಮಂದಿರದ ಸಾಮಾನು ಮಾರಲು ಕೂತಿದ್ದ ಮುದುಕಿಯ ಮಾತಿಗೆ ಗಾಯಕಿ ಕಿಸಕ್ಕನೆ ನಕ್ಕಳು. ಎದುರಿಗಿದ್ದದ್ದು ಯಾವುದೋ ನಾಟಕಕ್ಕೆ ಮಾಡಿಸಿದ ಕರಿಮರದ ಶವಪೆಟ್ಟಿಗೆ. ಒಳಗೆ ಮುಗ್ಗಲು ವಾಸನೆಯ ಮಖಮಲ್ಲು. ಅದರ ಅಂಚಿಗೆ ಯಾರದೋ ಕೂದಲನ್ನು ಗಂಟು ಗಂಟಾಗಿ ಹೊಲಿಯಲಾಗಿತ್ತು. ಹೊಟ್ಟೆಕಿಚ್ಚಿನವರು ಹಿಂದಿನ ನಾಯಕಿಗೆ ಮಾಡಿಸಿದ ಮಾಟವಂತೆ. ಮಲಗಿದವಳು ಏಳಲೇ ಇಲ್ಲವಂತೆ.

“ಕತೆಗೂ ಸೇರಿಸಿ ರೇಟು ಹೇಳ್ತಿದ್ದೀರಾ ಅಜ್ಜಿ?” ಎಂದು ನಗುತ್ತಲೇ ಕೊಂಡಳು. ಜೊತೆಗಿದ್ದ ಅಕ್ಕ ನಗಲಿಲ್ಲ.

ಗಾಯಕಿಯ ವೇಷಗಳನ್ನೆಲ್ಲ ಹೊಲಿಯುತ್ತಿದ್ದವಳು ಆ ಅಕ್ಕನೇ. ತಾನೇ ಬರೆದ ಹಾಡನ್ನು ಹಾಡುತ್ತ, ಮುಖಕ್ಕೆಲ್ಲ ಬಿಳಿ ಬಳಿದುಕೊಂಡು, ಗಾಯಕಿ ವೇದಿಕೆಯ ಮೇಲೆ ಸಾಯುತ್ತಿದ್ದಳು. ಪೆಟ್ಟಿಗೆ ಮುಚ್ಚುತ್ತಿತ್ತು. ಅಕ್ಕ ಕತ್ತಲಲ್ಲಿ ಪಕ್ಕಕ್ಕೆ ಬಂದು, ಚಿಕ್ಕಂದಿನಲ್ಲಿ ಶಾಲೆಗೆ ಎಬ್ಬಿಸುತ್ತಿದ್ದ ಹಾಗೆಯೇ ಕರೆಯುತ್ತಿದ್ದಳು: “ಗುಬ್ಬಿ, ಏಳೇ. ಸಾಕು.” “ಬಂದೆ ಅಕ್ಕಾ,” ಎಂದು ಗಾಯಕಿ ಎದ್ದು ಕೊನೆಯ ಚರಣ ಹಾಡುವಾಗ ಜನ ಹುಚ್ಚೆದ್ದು ಕೂಗುತ್ತಿದ್ದರು. ಹೆಸರು ದೇಶ ದೇಶಕ್ಕೆ ಹಬ್ಬಿತು.

ಹೆಸರಿನ ಬೆನ್ನಿಗೇ ದಣಿವೂ ಬಂತು. ಹೋಟೆಲು, ವಿಮಾನ, ಬಣ್ಣ, ಮತ್ತೆ ಹೋಟೆಲು. ಪೆಟ್ಟಿಗೆಯಲ್ಲಿ ಮಲಗುವ ಆ ಒಂದಿಷ್ಟು ಹೊತ್ತೇ ಅವಳಿಗೆ ವಿಶ್ರಾಂತಿ. ಅಕ್ಕನ ಕಾಲುಗಳಂತೂ ನಿಂತು ನಿಂತು ಊದಿಕೊಂಡಿದ್ದವು.

“ಇನ್ನು ನೀನು ನಿಲ್ಲೋದು ಬೇಡ ಅಕ್ಕ. ನಿನ್ನ ದನಿ ರೆಕಾರ್ಡ್ ಮಾಡ್ಕೊಂಡಿದೀನಲ್ಲ.”

“ಮೆಷಿನ್ನು ಕರೆದ್ರೆ ಆಯ್ತೇನೇ? ಆ ಅಜ್ಜಿ ಹೇಳಿದ್ದು...”

“ಅಜ್ಜಿ ನಿನ್ನ ತಲೆ ಕೆಡಿಸಿದಾಳೆ. ಮುಂದಿನ ಸಾಲಲ್ಲಿ ಸುಮ್ನೆ ಕೂತು ನೋಡು.”

ಅಕ್ಕ ಮುಖ ಊದಿಸಿಕೊಂಡಳು. ಆದರೂ ಆ ಸಂಜೆ ಮುಂದಿನ ಸಾಲಿನಲ್ಲಿ ಬಂದು ಕೂತಳು.

ಮುಚ್ಚಳ ಬಿತ್ತು. ಕತ್ತಲು. ಮುಗ್ಗಲಿನ ನಡುವೆ ಯಾರೋ ಹಚ್ಚಿಕೊಂಡ ಹಳೇ ಪೌಡರಿನ ಘಮ. ಸ್ಪೀಕರಿನಿಂದ ಅಕ್ಕನ ದನಿ ಬಂತು: “ಗುಬ್ಬಿ, ಏಳೇ. ಸಾಕು.”

ಗಾಯಕಿ ಏಳಲು ನೋಡಿದಳು. ಕೈ ಬರಲಿಲ್ಲ. ಕಾಲು ಬರಲಿಲ್ಲ. ಬೆನ್ನಡಿಯ ಮಖಮಲ್ಲು ಉಸಿರಾಡಿತು. ತಣ್ಣನೆಯ ಭುಜವೊಂದು ಅವಳನ್ನು ಪಕ್ಕಕ್ಕೆ ತಳ್ಳಿತು. ಉದ್ದ ಕೂದಲು ಮುಖ ಸವರಿ ಹೋಯಿತು. ಮುಚ್ಚಳ ತೆರೆಯಿತು. ಬೆಳಕು. ಮತ್ತೆ ಮುಚ್ಚಿತು.

“ಬಂದೆ ಅಕ್ಕಾ,” ಎಂದಿತು ಹೊರಗೆ ಅವಳದೇ ದನಿ. ಅವಳದೇ ಹಾಡು. ಅವಳದೇ ಜನ. ಅವಳು ಕಿರುಚಿದಳು. ಗಂಟಲಲ್ಲಿ ಸದ್ದೇ ಇರಲಿಲ್ಲ.

ಆಟ ಮುಗಿದ ಮೇಲೆ ಪೆಟ್ಟಿಗೆಯನ್ನು ಹೊತ್ತು ತಂದು ಬಣ್ಣದ ಕೋಣೆಯಲ್ಲಿಟ್ಟರು. ಬಾಗಿಲು ಕಿರ್ರೆಂದಿತು. ಊದಿದ ಕಾಲನ್ನು ಎಳೆದುಕೊಂಡು ಬಂದ ಅಕ್ಕ ಪೆಟ್ಟಿಗೆಯ ಪಕ್ಕದಲ್ಲೇ ನಿಂತಳು. ಅಕ್ಕಾ, ನನ್ನ ಕರಿಯೇ, ಎಂದು ಗಾಯಕಿ ಒಳಗೇ ಬೇಡಿದಳು. ಒಂದೇ ಒಂದು ಸಲ ಕರಿ.

“ಕೋಪ ಇಲ್ಲ ಕಣೇ,” ಎಂದಳು ಅಕ್ಕ. “ಇವತ್ತಿನಷ್ಟು ಚೆನ್ನಾಗಿ ನೀನು ಯಾವತ್ತೂ ಹಾಡಿರ್ಲಿಲ್ಲ. ಗುಬ್ಬಿ, ಏಳೇ. ಸಾಕು. ಮನೆಗೆ ಹೋಗೋಣ.”

ಗಾಯಕಿಯ ಬೆರಳುಗಳಿಗೆ ಜೀವ ಬಂತು. ಮುಚ್ಚಳವನ್ನು ಮುಟ್ಟಿದಳು.

ಕನ್ನಡಿಯ ಮುಂದಿನ ಕುರ್ಚಿ ಕಿರುಗುಟ್ಟಿತು.

“ಬಂದೆ ಅಕ್ಕಾ.”

ಬೆರಳುಗಳು ಮತ್ತೆ ತಣ್ಣಗಾದವು. ಅಕ್ಕ ದೀಪ ಆರಿಸಿ, ಬಾಗಿಲು ಎಳೆದುಕೊಂಡಳು.