ಲಾಸರನ ಹಗ್ಗ

ಅರುವತ್ತೆಂಟನೇ ಇಸವಿ, ಕಾರ್ತಿಕ ಮಾಸ, ಬೆಳಿಗ್ಗೆ ಏಳು ಗಂಟೆ. ಕುಂಬಳೆಯಿಂದ ಹೋದ ನಾನು ದೂರ ತೆಂಕಣದ ತುಂಬ ಎಂಬ ಊರಿನ ಕಡಲ ದಂಡೆಯಲ್ಲಿ ಚಹಾದಂಗಡಿ ಇಟ್ಟಿದ್ದೆ. ಚಂಡಮಾರುತ ಹೋಗಿ ಮೂರು ದಿನವಾಗಿತ್ತು, ಅಂಗಡಿಯ ಮಾಡು ಹಾರಿಹೋಗಿತ್ತು. ನೆರೆಮನೆಯ ಲಾಸರ್ ಗಾಳಿಯ ಹಿಂದಿನ ದಿನ ಮೀನಿಗೆ ಹೋದವನು ಬಂದಿರಲಿಲ್ಲ.

ಅಲ್ಲಿಯವರು ನಾಲ್ಕು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಯುತ್ತಾರೆ, ಮರಳಿದ ಮೇಲೆ ಬಿಚ್ಚಿ ಒಣಗಿಸುತ್ತಾರೆ. ಆ ಬೆಳಿಗ್ಗೆ ಲಾಸರನ ನಾಲ್ಕೂ ದಿಮ್ಮಿಗಳು ಮರಳಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ಪಕ್ಕದಲ್ಲಿ ಸುತ್ತಿಟ್ಟ ಹಗ್ಗ. ಹೆಜ್ಜೆಗುರುತು ಒಂದೂ ಇರಲಿಲ್ಲ.

“ಕಡಲೇ ತಂದು ಹಾಕಿದ್ದು, ಮಗಳೇ” ಎಂದೆ, ಅವನ ಹೆಂಡತಿ ತ್ರೇಸ್ಯಾಳಿಗೆ.

“ಕಡಲಿಗೆ ಗಂಟು ಬಿಚ್ಚಲಿಕ್ಕೆ ಬರ್ತದಾ ಸ್ವಾಮೀ? ಇದು ಎಡಗೈ ಸುತ್ತು, ಅವರದ್ದೇ. ಹಗ್ಗ ಒಣಗುವವರೆಗೆ ನಾನು ಕಾಯ್ತೇನೆ.”

ತವರಿಗೆ ಕರೆದೊಯ್ಯಲು ಬಂದ ತನ್ನ ಅಣ್ಣನಿಗೂ ಅದನ್ನೇ ಹೇಳಿದಳು. ದಿಮ್ಮಿಗಳು ಮಧ್ಯಾಹ್ನಕ್ಕೇ ಒಣಗಿದವು. ಅಂಗಳದ ಬಿಸಿಲಿಗೆ ತೂಗುಹಾಕಿದ ಹಗ್ಗ ಮಾತ್ರ ಎಂಟು ದಿನ ತೊಟ್ಟಿಕ್ಕಿತು. ಮುಟ್ಟಿದರೆ ಆಗಷ್ಟೇ ಬಾವಿಯಿಂದ ಎಳೆದಂತೆ ತಣ್ಣಗಿತ್ತು.

ಒಂಬತ್ತನೇ ದಿನ ಬೆಳಗಿನಿಂದಲೇ ಜೋರು ಮಳೆ. ತ್ರೇಸ್ಯಾ ಕರೆದಳೆಂದು ನಾನು ಕೊಡೆ ಹಿಡಿದು ಅವಳ ಅಂಗಳಕ್ಕೆ ಹೋದೆ. ಮಳೆಯಲ್ಲೇ ತೂಗುತ್ತಿದ್ದ ಹಗ್ಗವನ್ನು ಮುಟ್ಟಿ ನೋಡಿದೆ. ಒಣಗಿತ್ತು.

ಅವಳು ಅಣ್ಣನ ಜೊತೆ ಹೊರಟಳು. ಅಂದು ಬುಧವಾರ.